ಪೊಟ್ಟಣ ಬಿಟ್ಟ ವಾರ

ಆ ಮನೆಯಲ್ಲಿ ಮೊದಲ ಜಗಳ ಎದ್ದದ್ದು ಅನ್ನದ ವಿಷಯಕ್ಕೆ.

ಜೂನ್ ತಿಂಗಳು. ಕುಂದಾಪುರದ ಕೋಡಿ ಕಡೆಯ ದೋಣಿಗಳೆಲ್ಲ ದಡ ಹತ್ತಿ ಕೂತಿದ್ದವು. ತೆಕ್ಕಟ್ಟೆಯ ಗೇರುಬೀಜ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ನವ್ಯಾ ಸಂಜೆ ಬಸ್ಸಿಳಿದು ಮನೆಗೆ ಬಂದು ನೋಡುತ್ತಾಳೆ, ಬೆಳಿಗ್ಗೆ ಮಾಡಿಟ್ಟು ಹೋಗಿದ್ದ ಅನ್ನದ ಪಾತ್ರೆ ಖಾಲಿ. ಮೀನು ಸಾರಿನ ಮಡಕೆಯೂ ಖಾಲಿ. ಅತ್ತೆ ವನಜ ಜಗಲಿಯಲ್ಲಿ ಕೂತು ಹುರಿದ ಒಣ ಸೀಗಡಿಯನ್ನು ಮುಷ್ಟಿ ಮುಷ್ಟಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಅತ್ತೆ, ಅನ್ನ ಎಲ್ಲ ಎಂತ ಆಯ್ತ್?"

"ಹಶು ಆಯ್ತ್, ಉಂಡೆ."

"ಅದ್ ನಾಲ್ಕ್ ಜನದ್ ಅನ್ನ ಅತ್ತೆ."

"ಹೌದ್, ಉಂಡೆ. ನನ್ ಮನೆ ಅನ್ನ ಉಂಬುಕೆ ನಿನ್ ಹತ್ರ ಕೇಣ್ಕಾ?"

ನವ್ಯಾ ಮತ್ತೆ ಅಕ್ಕಿ ತೊಳೆದಳು. ಬೈಂದೂರಿನ ತವರಿನಿಂದ ಮದುವೆಯಾಗಿ ಬಂದು ಮೂರು ವರ್ಷವಾದರೂ ಅತ್ತೆಯ ಬಾಯಲ್ಲಿ ಇಂಥ ಮಾತು ಕೇಳಿದ್ದಿಲ್ಲ. ಮೀನು ಮಾರುವ ವನಜ ಮಾರ್ಕೆಟ್ಟಿನಲ್ಲಿ ಎಷ್ಟು ಬಾಯಿ ಮಾಡುತ್ತಿದ್ದಳೋ ಮನೆಯಲ್ಲಿ ಅಷ್ಟೇ ಮೆತ್ತಗಿನ ಹೆಂಗಸು. ಸೊಸೆಗೆಂದು ಮೀನಿನ ನಡುತುಂಡು ತೆಗೆದಿಟ್ಟು ತಾನು ತಲೆ ತಿನ್ನುತ್ತಿದ್ದವಳು.

ಹೋದ ದೀಪಾವಳಿಯ ಹೊತ್ತಿಗೆ ಅವಳ ಮಂಡಿ ಎರಡೂ ಕೈಕೊಟ್ಟಿದ್ದವು. ಬುಟ್ಟಿ ಹೊತ್ತು ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೂ ಕೈ ಹಿಡಿಯಬೇಕಿತ್ತು. ಆಗ ಶನಿವಾರದ ಸಂತೆಯ ಮೂಲೆಯಲ್ಲಿ ದೊಡ್ಡ ಕೊಡೆ ಬಿಡಿಸಿ ಕೂರುವ ಒಬ್ಬ ಪಂಡಿತ ಪುಡಿಯ ಪೊಟ್ಟಣ ಕೊಟ್ಟ. ದಿನಕ್ಕೊಂದು, ಬೆಳಿಗ್ಗೆ ಜೇನಿನಲ್ಲಿ. ಬರೀ ಬೇರು, ಬರೀ ಸೊಪ್ಪು, ಅಡ್ಡ ಪರಿಣಾಮವೇ ಇಲ್ಲ ಎಂದ. ಕೇಳುವ ಮೊದಲೇ ಅಡ್ಡ ಪರಿಣಾಮ ಇಲ್ಲವೆನ್ನುವವನನ್ನು ಕಂಡರೆ ಓಡಿಹೋಗಬೇಕು. ಆದರೆ ಮಂಡಿ ನೋವಿನವರು ಓಡುವುದಾದರೂ ಹೇಗೆ?

ವಾರದೊಳಗೆ ವನಜ ನೆಟ್ಟಗೆ ನಿಂತಳು. ತಿಂಗಳಾಗುವಾಗ ಒಂದೇ ಉಸಿರಿಗೆ ಬುಟ್ಟಿ ಎತ್ತಿ ಮಾರ್ಕೆಟ್ಟಿನ ಕಟ್ಟೆಗೆ ಇಡುತ್ತಿದ್ದಳು. ಪಕ್ಕದಲ್ಲಿ ಹೊಳೆ ಮೀನು ಹಾಕಿಕೊಂಡು ಕೂರುವ ಬಸ್ರೂರಿನ ಕುಸುಮ ಕಣ್ಣರಳಿಸಿದಳು. ಕುಸುಮಳಿಗೂ ಸೊಂಟ ನೋವು. ಇಬ್ಬರೂ ಇಪ್ಪತ್ತು ವರ್ಷದಿಂದ ಒಂದೇ ಕಟ್ಟೆಯಲ್ಲಿ ಕೂತು, ಒಂದೇ ಎಲೆಯಲ್ಲಿ ಎಲೆಯಡಿಕೆ ಹಂಚಿಕೊಂಡು, ಗಿರಾಕಿ ಮೇಲೆ ಜಗಳ ಮಾಡಿ ಮತ್ತೆ ಒಂದಾದವರು. ವನಜ ತಾನೇ ಕುಸುಮಳನ್ನು ಪಂಡಿತನ ಕೊಡೆಯಡಿಗೆ ಕರೆದುಕೊಂಡು ಹೋದಳು.

"ವನಜಕ್ಕ, ಈಗ ನೀವ್ ಮದ್ಮಗ್ಳ್ ಕಂಡಂಗ್ ಕಾಂತ್ರಿ," ಎಂದು ಕುಸುಮ ಹೇಳುತ್ತಿದ್ದಳು. ವನಜಳ ಮುಖ ತುಂಬಿ ಗುಂಡಗಾಗಿತ್ತು, ಕೆನ್ನೆ ಕೆಂಪಾಗಿತ್ತು. ನೋಡಿದವರೆಲ್ಲ ಹೊಗಳಿದರು. ಹೊಗಳಲು ಯಾರಿಗೂ ಖರ್ಚಿಲ್ಲವಲ್ಲ.

ಮನೆಯವರಿಗೆ ಮಾತ್ರ ಬೇರೆಯೇ ಕಾಣುತ್ತಿತ್ತು. ಮುಖ ತುಂಬಿತು, ಹೊಟ್ಟೆ ಮುಂದೆ ಬಂತು, ಕೈಕಾಲು ಮಾತ್ರ ಕಡ್ಡಿಯಾದವು. ನಿದ್ದೆ ಹೋಯಿತು. ಕೋಳಿ ಕೂಗುವ ಮೊದಲೇ ಎದ್ದು ತಿಕ್ಕಿಟ್ಟ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು. ಮೀನು ಕೊಯ್ಯುವಾಗ ಬೆರಳಿಗಾದ ಸಣ್ಣ ಗಾಯ ತಿಂಗಳಾದರೂ ಮಾಯಲಿಲ್ಲ. ಒಂದು ದಿನ ಜಾರುವವಳನ್ನು ತಡೆಯಲೆಂದು ನವ್ಯಾ ಅವಳ ಮಣಿಕಟ್ಟು ಹಿಡಿದಳು, ಅಷ್ಟೇ. ಸಂಜೆಯೊಳಗೆ ಅಲ್ಲಿ ನೇರಳೆ ಹಣ್ಣಿನ ಬಣ್ಣದ ಐದು ಬೆರಳು ಮೂಡಿದ್ದವು.

"ಕಾಣಿ, ನಿಮ್ ಸೊಸಿ ನನ್ನ್ ಹೊಡ್ದ್ ಹಾಕ್ತ್," ಎಂದು ವನಜ ಗಂಡನಿಗೆ ಕೈ ತೋರಿಸಿದಳು.

ಮುತ್ತ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದವನು ತಲೆಯೆತ್ತಲಿಲ್ಲ. ಅರವತ್ತು ದಾಟಿದ ಮುತ್ತನಿಗೆ ಕಡಲಿನ ಗಾಳಿ ಯಾವ ಕಡೆಯಿಂದ ಏಳುತ್ತದೆ ಎಂದು ಗೊತ್ತಾಗುತ್ತದೆ, ಹೆಂಡತಿಯದ್ದು ಗೊತ್ತಾಗುವುದಿಲ್ಲ. "ಹಿಡ್ದದ್ದ್ ಗಟ್ಟಿ ಆಯ್ತೇನೋ," ಎಂದ.

"ಗಟ್ಟಿ ಹಿಡೀಲಿಲ್ಲೆ ಮಾವ. ಬಿದ್ದ್ ಹೋತ್ರಲ್ದಾ ಅಂತ ಹಿಡ್ದೆ."

"ಹೌದಪ್ಪ, ನಾನೇ ಸುಳ್ಳಿ," ಎಂದು ವನಜ ಒಳಗೆ ಹೋಗಿ ಬಾಗಿಲು ಬಡಿದಳು.

ಜುಲೈನಲ್ಲಿ ಮಗ ಅಕ್ಷಯ್‌ಗೂ ಬಿತ್ತು. ಅಕ್ಷಯ್ ಮೀನಿನ ಟೆಂಪೋ ಓಡಿಸುವವನು. ಮಲ್ಪೆಯಿಂದ ಬ್ರಹ್ಮಾವರದ ದಾರಿಯಾಗಿ ಐಸ್ ಮೀನು ತಂದು ಹಾಕಿ ಮಧ್ಯಾಹ್ನ ಊಟಕ್ಕೆ ಕೂತಿದ್ದ. ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಎಂದ. ವನಜ ಬಟ್ಟಲನ್ನೇ ಎತ್ತಿ ಅವನತ್ತ ಎಸೆದಳು. ಬಂಗುಡೆ ಸಾರು ಗೋಡೆಗೆ ಬಡಿದು ಇಳಿಯಿತು. ಆಮೇಲೆ ವನಜಳೇ ನೆಲದಲ್ಲಿ ಕೂತು ಅತ್ತಳು. ಯಾಕೆ ಹಾಗೆ ಮಾಡಿದೆನೋ ತನಗೇ ಗೊತ್ತಿಲ್ಲ ಎಂದಳು. ಅದು ಸುಳ್ಳಾಗಿರಲಿಲ್ಲ. ನವ್ಯಾಳಿಗೆ ಭಯವಾದದ್ದು ಬಟ್ಟಲು ಎಸೆದಾಗ ಅಲ್ಲ, ಈ ಅಳು ಕೇಳಿದಾಗ.

ಮಾರನೇ ದಿನ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಅವಳು ಮೊಬೈಲಿನಲ್ಲಿ ಹುಡುಕಿದಳು. ಗುಂಡು ಮುಖ, ತೆಳು ಚರ್ಮ, ಹಸಿವು, ಸಿಟ್ಟು ಎಂದು ಹಾಕಿದಳು. ಒಂದು ವಿಡಿಯೋ ಬಂತು. ಅದರಲ್ಲಿ ಯಾರೋ ಹೆಂಗಸಿನ ಮುಖವಿತ್ತು, ಅತ್ತೆಯ ಅಕ್ಕ ಎಂದರೂ ನಂಬಬೇಕು. ಇಂಥ ನೋವಿನ ಪುಡಿಗಳಲ್ಲಿ ಕದ್ದು ಸ್ಟೀರಾಯ್ಡ್ ಬೆರೆಸುತ್ತಾರೆ, ಅದು ನಮ್ಮ ಮೈಯೇ ತಯಾರಿಸುವ ಒಂದು ಹಾರ್ಮೋನಿನ ನಕಲು, ಮೈಯನ್ನು ಒಳಗಿಂದ ತಿಂದುಹಾಕುತ್ತದೆ ಎಂದು ಒಬ್ಬಾತ ಕೈ ಬೀಸಿ ಹೇಳುತ್ತಿದ್ದ. ಇವತ್ತೇ ಬಿಸಾಡಿ ಎಂದ. ಊಟದ ಹೊತ್ತು ಮುಗಿದದ್ದಕ್ಕೆ ನವ್ಯಾ ಅಷ್ಟಕ್ಕೇ ಮೊಬೈಲು ಮುಚ್ಚಿಟ್ಟಳು.

ಸಂಜೆ ಗಂಡನಿಗೆ ತೋರಿಸಿದಳು. ಅಕ್ಷಯ್ ಎರಡು ಸಲ ನೋಡಿದ.

"ಅಮ್ಮನ್ ಮೋರೆಯೇ ಅಲ್ದಾ ಇದ್!"

"ಡಾಕ್ಟ್ರ್ ಹತ್ರ ಕರ್ಕಂಡ್ ಹೋಪ."

"ನೀನೇ ಹೇಳ್. ನನ್ ಮೇಲೆ ಇನ್ನೊಂದ್ ಬಟ್ಲ್ ಬೀಳೂದ್ ಬೇಡ."

ನವ್ಯಾ ಹೇಳಿದಳು. ವನಜ ಪೊಟ್ಟಣದ ಡಬ್ಬಿಯನ್ನು ಸೆರಗಿನೊಳಗೆ ಹಿಡಿದುಕೊಂಡಳು. "ಡಾಕ್ಟ್ರ್ ಮಂಡಿ ಕೊಯ್ಕ್ ಅಂಬ್ರ್. ಕೊಯ್ದ್ ಮೇಲೆ ಬುಟ್ಟಿ ಯಾರ್ ಹೊರೂದ್, ನೀನಾ? ನನ್ ಕಾಲಲ್ಲಿ ನಾನ್ ನಿಂತದ್ದ್ ನಿಂಗೆ ಕಣ್ಣುರಿ."

"ಕಣ್ಣುರಿ ಅಲ್ಲ ಅತ್ತೆ. ಹೆದ್ರಿಕೆ."

"ಹೆದ್ರಿಕೆ ಇದ್ರೆ ತವರಿಗ್ ಹೋಗ್."

ಇಷ್ಟಾದ ಮೇಲೆ ಮಾತಿನಿಂದ ಆಗುವುದಿಲ್ಲ ಎಂದು ನವ್ಯಾಳಿಗೆ ಖಾತ್ರಿಯಾಯಿತು. ಅವಳು ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರು ಹಟ ಹಿಡಿದರೆ ಅವರನ್ನು ತಡೆಯುವವರು ಯಾರೂ ಇರುವುದಿಲ್ಲ.

ಆಸಾಡಿ ಅಮಾವಾಸ್ಯೆ ಬಂತು. ಆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು, ಅರೆದು, ಕಾಳುಮೆಣಸು ಬೆಳ್ಳುಳ್ಳಿ ಹಾಕಿ, ಬಿಸಿ ಬೆಣಚುಕಲ್ಲಿನಿಂದ ಒಗ್ಗರಣೆ ಕೊಟ್ಟು ಖಾಲಿ ಹೊಟ್ಟೆಗೆ ಕುಡಿಯಬೇಕು. ವರ್ಷದ ರೋಗಕ್ಕೆಲ್ಲ ಅದೊಂದೇ ಮದ್ದು ಎನ್ನುತ್ತಾರೆ. ಕಹಿಯೆಂದರೆ ನಾಲಗೆ ಮಡಚಿಕೊಳ್ಳುವ ಕಹಿ. ವನಜ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಟ್ಟವಳಲ್ಲ.

ಹಿಂದಿನ ಸಂಜೆ ಬೆಳ್ಳುಳ್ಳಿ ಸುಲಿಯುತ್ತ ನವ್ಯಾ ಸುಮ್ಮನೆ ಮಾತು ತೆಗೆದಳು.

"ನಮ್ ಮನೆಲಿ ಹಾಲೆ ಕಷಾಯ ಕುಡ್ದ್ ಮೇಲೆ ಹೊಸ್ತ್ ಉಂಬಲ್ಲಿವರಿಗೆ ಬೇರೆ ಮದ್ದ್ ಮುಟ್ಟೂಕಿಲ್ಲೆ. ಮುಟ್ರೆ ಕಷಾಯ ವಿಷ ಆತ್ತ್ ಅಂತ ನಮ್ ಅಜ್ಜಿ ಹೇಳ್ತಿದ್ರ್."

ಅಜ್ಜಿ ಹೇಳುತ್ತಿದ್ದದ್ದು ಆ ಒಂದು ದಿನಕ್ಕೆ ಮಾತ್ರ. ಹೊಸ ಅಕ್ಕಿ ಉಣ್ಣುವ ಹಬ್ಬದವರೆಗೆ ಅದನ್ನು ಎಳೆದವಳು ನವ್ಯಾ.

ವನಜ ಕೈ ನಿಲ್ಲಿಸಿದಳು. "ನಮ್ಮಲ್ಲಿ ಹಾಂಗೆಲ್ಲ ಕೇಣ್ಲಿಲ್ಲೆ."

"ಕೇಣ್ದೆ ಎಂತ?" ಎಂದು ಜಗಲಿಯಿಂದ ಮುತ್ತ ಬಾಯಿ ಹಾಕಿದ. "ನನ್ ಅಬ್ಬಿಯೂ ಹೇಳ್ತಿತ್ತ್."

ಅವನ ಅಬ್ಬಿ ಅಂಥದ್ದೇನೂ ಹೇಳಿದ್ದಿಲ್ಲ. ಮನೆಯಲ್ಲಿ ನಾಲ್ಕು ದಿನ ಬಟ್ಟಲು ಹಾರದಿದ್ದರೆ ಸಾಕೆಂದು ಮುದುಕ ಸತ್ತ ತಾಯಿಯನ್ನು ಸಾಕ್ಷಿಗೆ ಕರೆದ. ಸೊಸೆ, ಮಾವ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ವನಜ ನಂಬಿದಳು. ಅಕ್ಷಯ್ ತಂದ ತೊಗಟೆಯ ಕಷಾಯವನ್ನು ಬೆಳಿಗ್ಗೆ ನಾಲ್ವರೂ ಮೂಗು ಹಿಡಿದು ಕುಡಿದರು. ಕುಸುಮಳ ಮನೆಯಲ್ಲಿ ಕಷಾಯ ಮಾಡುವವರಿಲ್ಲ ಎಂದು ವನಜ ಒಂದು ಬಾಟಲಿ ಮಾರ್ಕೆಟ್ಟಿಗೂ ಒಯ್ದಳು. ಪೊಟ್ಟಣದ ಡಬ್ಬಿಯನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದಳು. ಆ ಮಧ್ಯಾಹ್ನವೇ ನವ್ಯಾ ಅದನ್ನು ಹೊಳೆಗೆ ಸುರಿದು ಬಂದಳು.

ಎರಡನೇ ದಿನ ವನಜಳ ಮೈಕೈಯೆಲ್ಲ ನೋವು. ಮೂರನೇ ದಿನ ಮಾರ್ಕೆಟ್ಟಿಗೆ ಹೋಗಲಿಲ್ಲ. ಗಂಜಿ ಇಟ್ಟರೆ ಎರಡು ತುತ್ತು ಉಂಡು ಸರಿಸಿದಳು. ಬೈಯಲಿಲ್ಲ. ಪಾತ್ರೆ ತಿಕ್ಕಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು.

"ಮನೆ ತಣ್ಣಗ್ ಆಯ್ತ್ ಕಾಣ್," ಎಂದ ಅಕ್ಷಯ್.

"ಪುಡಿ ವಿಷ ಇಳೀತಿತ್ತ್," ಎಂದಳು ನವ್ಯಾ. ಅವಳಿಗೆ ಗೆದ್ದಷ್ಟು ಸಂತೋಷವಾಗಿತ್ತು. ಸಂತೆಗೆ ಹೋಗಿ ಅತ್ತೆಗೆಂದು ಮೆತ್ತನೆಯ ಚಪ್ಪಲಿಯನ್ನೂ ತಂದಳು.

ವನಜ ಅದನ್ನು ನೋಡಲಿಲ್ಲ. ಸೊಸೆಯ ಕೈ ಹಿಡಿದು, "ಹೆಣೆ, ಒಂದೇ ಒಂದ್ ಪೊಟ್ಟಣ ಕೊಡ್. ನಂಗೆ ಜೀವ ಹೋತಿತ್ತ್," ಎಂದಳು. ಹಿಡಿದ ಕೈಯಲ್ಲಿ ಬಲವೇ ಇರಲಿಲ್ಲ.

"ನಾಲ್ಕ್ ದಿನ ತಡ್ಕಣಿ ಅತ್ತೆ. ಅಭ್ಯಾಸ ಬಿಡುವಾಗ ಹಾಂಗೇ ಆಪ್ದ್."

ಐದನೇ ದಿನ ಬೆಳಿಗ್ಗೆ ವಾಂತಿ ಸುರುವಾಯಿತು. ನೀರು ಕುಡಿದರೆ ನೀರು, ಎಳನೀರು ಕುಡಿದರೆ ಎಳನೀರು. ಬಚ್ಚಲಿಗೆ ಹೋಗಲು ಎದ್ದವಳು ಬಾಗಿಲಲ್ಲೇ ಕುಸಿದಳು. ಮುತ್ತ ಓಡಿ ಬಂದು ಹೆಂಡತಿಯ ತಲೆ ತೊಡೆ ಮೇಲಿಟ್ಟುಕೊಂಡು ಮಗನ ಕಡೆ ತಿರುಗಿದ.

"ನೀ ತಂದದ್ದ್ ಹಾಲೆಯಾ, ಕಾಸರ್ಕನಾ? ಸಮಾ ಹೇಳ್."

ಕತ್ತಲಲ್ಲಿ ಮರ ತಪ್ಪಿ ಕಾಸರಕದ ವಿಷದ ತೊಗಟೆ ತಂದು ಮನೆಮಂದಿ ಸತ್ತ ಕಥೆಯನ್ನು ಆ ಕಡೆ ಎಲ್ಲರೂ ಕೇಳಿದ್ದಾರೆ.

"ಹಾಲೆಯೇ ಅಪ್ಪ. ಎಲೆ ಎಣ್ಸಿ, ಹಾಲ್ ಬಪ್ದ್ ಕಂಡ್ ತಂದೆ."

"ಕತ್ಲಲ್ಲಿ ಎಂತ ಕಂಡೆ ನೀನ್? ಅಬ್ಬೀನ್ ಕೊಂದ್ಯಲ್ದಾ!"

"ನಾವೂ ಕುಡ್ದಿತ್ತಲ್ದಾ ಮಾವ," ಎಂದಳು ನವ್ಯಾ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ಮಗ ಅಂಗಳದಲ್ಲಿ ನಿಂತು ಬೊಬ್ಬೆ ಹಾಕುತ್ತಿರುವಾಗಲೇ ವನಜಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಮೀನಿನ ಟೆಂಪೋದ ಮುಂದಿನ ಸೀಟಿನಲ್ಲೇ ಅವಳನ್ನು ಕೂರಿಸಿ, ನವ್ಯಾ ಒತ್ತಿ ಹಿಡಿದುಕೊಂಡು, ಕುಂದಾಪುರದ ಒಂದು ಆಸ್ಪತ್ರೆಗೆ ತಂದರು.

ಅಲ್ಲಿಯ ಡಾಕ್ಟರು ನಡುವಯಸ್ಸಿನ ಹೆಂಗಸು. ಬಿಪಿ ಸಿಗುತ್ತಿಲ್ಲ, ಸಕ್ಕರೆ ಇಳಿದಿದೆ, ಉಪ್ಪಿನಂಶ ಇಳಿದಿದೆ ಎಂದು ಒಂದರ ಹಿಂದೆ ಒಂದು ನರ್ಸಿಗೆ ಹೇಳುತ್ತಿದ್ದರು. ಅಕ್ಷಯ್ ಕೈ ಮುಗಿದು ತೊಗಟೆಯ ಕಥೆಯನ್ನೆಲ್ಲ ಒದರಿದ.

"ನೀವೆಲ್ಲ ಕುಡಿದಿದ್ದೀರಲ್ಲ? ನಿಮಗೆ ಏನಾದ್ರೂ ಆಯ್ತಾ? ಐದು ದಿನ ಬಿಟ್ಟು ಇವರೊಬ್ಬರಿಗೇ ಯಾಕೆ ಆಗ್ಬೇಕು?" ಡಾಕ್ಟರು ವನಜಳ ಗುಂಡು ಮುಖ ನೋಡಿದರು. ತೋಳಿನ ಕಂದು ಕಲೆ ನೋಡಿದರು. "ಇವರು ಯಾವ ಮದ್ದು ತಗೊಳ್ತಿದ್ರು?"

ನವ್ಯಾ ಹೇಳಿದಳು. ಪುಡಿ, ದೀಪಾವಳಿಯಿಂದ, ದಿನಾ ಒಂದು. ಈಗ ಐದು ದಿನದಿಂದ ಇಲ್ಲ.

"ಒಮ್ಮೆಲೇ ನಿಲ್ಲಿಸಿದ್ದಾ?"

"ಹೌದು ಡಾಕ್ಟ್ರೇ. ನಾನೇ ನಿಲ್ಲಿಸಿದ್ದು."

ಡಾಕ್ಟರು ಒಂದು ಇಂಜೆಕ್ಷನ್ನಿನ ಹೆಸರು ಹೇಳಿ ನರ್ಸನ್ನು ಓಡಿಸಿದರು. ವನಜಳ ರಕ್ತದೊತ್ತಡ ನಿಧಾನಕ್ಕೆ ಏರಿದ ಮೇಲೆಯೇ ಮೂವರನ್ನೂ ಹೊರಗೆ ಕೂರಿಸಿ ಹೇಳಿದರು.

"ಕಿಡ್ನಿ ಮೇಲೆ ಟೊಪ್ಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿ ಇರ್ತವೆ. ದಿನಾ ಬೆಳಿಗ್ಗೆ ತಲೆಯೊಳಗಿನ ಇನ್ನೊಂದು ಗ್ರಂಥಿ ಅದಕ್ಕೆ ಆರ್ಡರ್ ಕಳಿಸ್ತದೆ, ಇಷ್ಟು ಹಾರ್ಮೋನ್ ಮಾಡು ಅಂತ. ಆ ಹಾರ್ಮೋನ್ ಇದ್ರೇ ನಾವು ಏಳೋದು, ನಿಲ್ಲೋದು, ಜ್ವರ ತಡ್ಕೊಳ್ಳೋದು. ಆ ಪುಡಿಯಲ್ಲಿ ಅದೇ ಮಾಲು ಇದ್ದಿರ್ಬೇಕು, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಮನೆಗೆ ದಿನಾ ಹೋಟೆಲಿನಿಂದ ಊಟ ಬಂದ್ರೆ ಒಲೆ ಯಾರು ಹಚ್ತಾರೆ? ತಲೆ ಆರ್ಡರ್ ಕಳಿಸೋದು ಬಿಡ್ತು. ಗ್ರಂಥಿ ಸೊರಗಿ ಹೋಯ್ತು. ಒಂದು ದಿನ ನೀವು ಹೋಟೆಲ್ ಬಾಗಿಲು ಹಾಕಿದ್ರಿ. ಮನೆ ಒಲೆಯೂ ಇಲ್ಲ, ಹೋಟೆಲೂ ಇಲ್ಲ."

"ಆದ್ರೆ ಅದು ವಿಷ ಅಲ್ವಾ ಡಾಕ್ಟ್ರೇ? ಬಿಡಿಸ್ಬಾರ್ದಿತ್ತಾ?"

"ಬಿಡಿಸ್ಬೇಕಿತ್ತು. ನಮ್ಮ ಹತ್ತಿರ ಬಂದು, ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಿ. ಈಗ ಅದೇ ಜಾತಿಯ ಮಾತ್ರೆ ನಾನೇ ಕೊಡ್ತೇನೆ, ಲೆಕ್ಕದಲ್ಲಿ. ನಾನು ಹೇಳದೆ ಒಂದು ದಿನವೂ ತಪ್ಪಿಸ್ಬೇಡಿ. ಇನ್ನು ಅರ್ಧ ದಿನ ತಡವಾಗಿದ್ರೆ ನಾನು ಇಷ್ಟು ಮಾತಾಡ್ತಿರಲಿಲ್ಲ."

ಮುತ್ತ ಎದ್ದು ಕಾರಿಡಾರಿನ ಕೊನೆಗೆ ಹೋಗಿ ನಿಂತ. ಅಕ್ಷಯ್ ಹೆಂಡತಿಯನ್ನು ನೋಡಿದ ರೀತಿಗೆ ನವ್ಯಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೆಳಗಿನಿಂದ ಕೊಲೆಗಾರನಾಗಿದ್ದವನು ಅವನು. ಈಗ ಆ ಜಾಗ ಅವಳಿಗೆ ಬಂತು. ರಾತ್ರಿ ಅವನು ಕೇಳಿದ್ದಕ್ಕೆ ಅಜ್ಜಿಯ ಹೆಸರಲ್ಲಿ ಹೇಳಿದ ಸುಳ್ಳನ್ನೂ ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ವನಜ ಒರಗಿ ಕೂತಿದ್ದಳು. ನವ್ಯಾ ಗಂಜಿಯ ನೀರನ್ನು ಚಮಚದಲ್ಲಿ ಬಾಯಿಗಿಡುತ್ತಿದ್ದಳು. ನಾಲ್ಕು ಚಮಚ ಇಳಿದ ಮೇಲೆ ವನಜ ಕೇಳಿದಳು.

"ಅಕ್ಷಯ್ ಹೇಳ್ದ. ಹೊಸ್ತ್ ಉಂಬಲ್ಲಿವರಿಗೆ ಮದ್ದ್ ಮುಟ್ಟೂಕಿಲ್ಲೆ ಅಂದದ್ದ್ ಸುಳ್ಳಾ?"

"ಹೌದ್ ಅತ್ತೆ. ಅಜ್ಜಿ ಒಂದ್ ದಿನಕ್ಕೆ ಹೇಳ್ತಿದ್ದದ್ದ್. ನಾನೇ ಎಳ್ದೆ." ಅಳು ಬಂತು, ತಡೆಯಲಿಲ್ಲ. "ಬೈಯಿರಿ. ಹೊಡೀರಿ. ನಿಮ್ ಒಳ್ಳೇದಕ್ಕೇ ಅಂತ ಮಾಡ್ದೆ ಅತ್ತೆ, ಸತ್ಯವಾಗಿ."

"ಪೊಟ್ಟಣ ಕೇಣ್ದೆ ನಿನ್ ಹತ್ರ. ಕೈ ಹಿಡ್ಕಂಡ್ ಕೇಣ್ದೆ."

"ಹೌದ್ ಅತ್ತೆ."

ವನಜಳಿಗೆ ಸೊಸೆಯ ಮೇಲೆ ಸಿಟ್ಟು ಬರಬೇಕಿತ್ತು, ಬರುತ್ತಲೂ ಇತ್ತು. ಅಷ್ಟರಲ್ಲಿ ಅವಳ ಮುಖ ಬೇರೆಯಾಯಿತು. ಗಂಜಿಯ ಬಟ್ಟಲನ್ನು ತಳ್ಳಿ ಎದ್ದು ಕೂರಲು ನೋಡಿದಳು. ಕೈಯ ಸೂಜಿ ಎಳೆದು ರಕ್ತ ಬಂತು.

"ಎಂತ ಅತ್ತೆ? ಮನಿಕಣಿ, ಮನಿಕಣಿ."

"ಕುಸುಮ," ಎಂದಳು ವನಜ. "ಬಾಟ್ಲಿ ಕಷಾಯ ಕುಡಿಸಿ ನಾನೇ ಹೇಳ್ದೆ ಕುಸುಮಂಗೆ. ಪುಡಿ ಮುಟ್ಬೇಡ, ವಿಷ ಆತ್ತ್ ಅಂತ. ಫೋನ್ ಮಾಡ್. ಈಗ ಮಾಡ್."

ಬಾಟಲಿ ಮಾರ್ಕೆಟ್ಟಿಗೆ ಹೋದದ್ದು ನವ್ಯಾಳಿಗೆ ಗೊತ್ತಿತ್ತು. ಜೊತೆಗೆ ತನ್ನ ಸುಳ್ಳೂ ಹೋಗಿತ್ತೆಂದು ಅವಳು ಯೋಚಿಸಿಯೇ ಇರಲಿಲ್ಲ. ಎರಡು ಸಲ ತಪ್ಪು ನಂಬರು ಒತ್ತಿದಳು. ಮೂರನೆಯ ಸಲ ಹೋಯಿತು. ಫೋನು ಎತ್ತಿದವನು ಕುಸುಮಳ ಗಂಡ ಕುಷ್ಟ.

"ಕುಸುಮಕ್ಕ ಇದ್ರಾ? ನಾನ್ ನವ್ಯಾ, ಕೋಡಿ ವನಜಕ್ಕನ್ ಸೊಸಿ."

"ಇತ್ತ್, ಮನಿಕಂಡಿತ್ತ್," ಎಂದ ಕುಷ್ಟ ನಿಧಾನಕ್ಕೆ. "ಎರಡ್ ದಿನ ಆಯ್ತ್, ಉಂಬುದಿಲ್ಲ ತಿಂಬುದಿಲ್ಲ. ಬರೀ ಕಾರೂದೇ. ನಿನ್ನೆ ಸಂಜಿಂದ ಒಳ್ಳೆ ನಿದ್ದೆ ಬಿದ್ದಿತ್ತ್. ಎಬ್ಸೂದ್ ಬೇಡ ಅಂತ ಬಿಟ್ಟಿದ್ದೆ."

"ಪುಡಿ ತಿಂತ್ರಾ ಈಗ?"

"ಇಲ್ಲಪ್ಪ. ವನಜಕ್ಕ ಹೇಳಿದ್ ಮೇಲೆ ಮುಟ್ಲಿಲ್ಲೆ. ಒಂದ್ ವಾರ ಆತಾ ಬಂತ್."

"ಎಬ್ಸಿ. ಈಗ್ಲೇ ಎಬ್ಸಿ ಕುಷ್ಟಣ್ಣ, ಆಸ್ಪತ್ರಿಗ್ ತನ್ನಿ. ಇವ್ರ್ ಟೆಂಪೋ ತಕಂಡ್ ಬತ್ರ್, ಫೋನ್ ಇಡ್ಬೇಡಿ."

ಅವಳು ಕೈಯಾಡಿಸಿ ಕರೆದದ್ದಕ್ಕೆ ಬಾಗಿಲಲ್ಲಿ ನಿಂತಿದ್ದ ಅಕ್ಷಯ್ ಮಾತು ಕೇಳಿ ಮುಗಿಸದೆಯೇ ಟೆಂಪೋದ ಕೀ ಹಿಡಿದು ಮೆಟ್ಟಿಲಿಳಿದು ಓಡಿದ. ಫೋನಿನಲ್ಲಿ ಕುಷ್ಟನ ಹೆಜ್ಜೆ ಕೇಳಿಸಿತು, ಬಾಗಿಲು ತೆಗೆದದ್ದು ಕೇಳಿಸಿತು.

"ಹೆಣೆ, ಏಳ್. ವನಜಕ್ಕನ್ ಮನೆಯಿಂದ ಫೋನ್."

ಅವನು ಅಲುಗಾಡಿಸಿದ್ದಕ್ಕೆ ಮಂಚ ಕಿರುಗುಟ್ಟಿತು.

"ಕುಸುಮ. ಏ ಕುಸುಮ."

ಆಮೇಲೆ ಫೋನು ನೆಲಕ್ಕೆ ಬಿದ್ದ ಸದ್ದು ಬಂತು. ದೂರದಲ್ಲಿ ಅವನು ಹೆಂಡತಿಯ ಹೆಸರು ಕೂಗುತ್ತಲೇ ಇದ್ದ, ಕೂಗಿದಷ್ಟೂ ದನಿ ಬೇರೆಯಾಗುತ್ತ ಹೋಯಿತು.

ವನಜ ಹಾಸಿಗೆಯಿಂದ ಕೈ ಚಾಚಿದ್ದಳು. "ಎಂತ ಅಂಬ್ರ್? ಕುಸುಮ ಎದ್ಲಾ? ಫೋನ್ ಇಲ್ಲಿ ಕೊಡ್, ನಾನ್ ಮಾತಾಡ್ತೆ."

ನವ್ಯಾ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ನಿಂತಳು, ಕೊಡಲಿಲ್ಲ.